ಮಾಬುಬಿಯ ಅಂಗಡಿಯಲ್ಲಿ ಸಿಕ್ಕ ನನ್ನ ಬಾಟಲಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಮಾತಾಡುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಓಣಿಯ ಹೆಂಗಸರು ಇಂಥ ಮಾತು ತೆಗೆದರೆ ಎದ್ದು ಬರುತ್ತಿದ್ದೆ. ಕೆಲಸವಿಲ್ಲದವರ ಮಾತು ಅಂತ ಅವರ ಮುಖದ ಮೇಲೇ ಹೇಳುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಗೋವಾದ ಕುಡಚಡೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ನಾನು ಯಾರ ಬಾಯಿಂದಲೂ ಕೇಳಿದ್ದಲ್ಲ, ಕೈಯಾರೆ ಮುಟ್ಟಿದ್ದು. ಓದಿದ ಮೇಲೆ ನೀವು ನಂಬಿ, ಇಲ್ಲ ಬಿಡಿ. ನಾನು ಎರಡನೇ ಇಯತ್ತೆ ಕಲಿತವಳು. ಚಂದ ಮಾಡಿ ಬರೆಯಲು ಬರುವುದಿಲ್ಲ, ಇಲ್ಲದ್ದನ್ನು ಸೇರಿಸಲೂ ಬರುವುದಿಲ್ಲ.

ಈಗ ಕುಡಚಡೆಗೆ ಹೋದರೆ ನಮ್ಮ ಅಂಗಡಿ ಇದ್ದ ರಸ್ತೆಯ ಗುರುತೇ ಹತ್ತುವುದಿಲ್ಲ. ಮೊಬೈಲ್ ಅಂಗಡಿ, ಬೇಕರಿ, ಗಾಜಿನ ಬಾಗಿಲಿನ ಬಟ್ಟೆ ಅಂಗಡಿ. ಆಗ ಅಲ್ಲಿ ಎರಡೂ ಬದಿಗೆ ಲಾರಿ ಸಾಮಾನಿನ ಅಂಗಡಿಗಳು, ಹಾರ್ಡ್‌ವೇರ್ ಅಂಗಡಿಗಳು ಇದ್ದವು. ಗಣಿಯಿಂದ ಅದಿರು ಹೊತ್ತ ಲಾರಿಗಳು ದಿನವಿಡೀ ಅದೇ ದಾರಿಯಲ್ಲಿ ಹೋಗಿ ಬರುತ್ತಿದ್ದವು. ಒಂದೊಂದು ಲಾರಿಗೂ ದಿನಕ್ಕೊಂದು ರೋಗ. ಒಂದಕ್ಕೆ ಸ್ಪ್ರಿಂಗ್ ಪಟ್ಟಿ ಮುರಿಯಿತು, ಇನ್ನೊಂದಕ್ಕೆ ಬೆಲ್ಟ್ ಹರಿಯಿತು, ಮತ್ತೊಂದಕ್ಕೆ ಆಯಿಲ್ ಸೀಲ್ ಸೋರಿತು. ಅಂಗಡಿಯ ಮುಂದೆ ತಂತಿಗೆ ಫ್ಯಾನ್ ಬೆಲ್ಟು ತೂಗುಬಿಟ್ಟಿರುತ್ತಿದ್ದೆವು. ಒಳಗೆ ಮೊಳೆ, ಬಾಗಿಲ ಕೊಂಡಿ, ಹಗ್ಗ, ಸ್ಟೋವಿನ ಪಿನ್ನು, ಗ್ರೀಸ್ ಡಬ್ಬಿ. ಒಂದೇ ನಟ್ಟು ಬೇಕು ಅಂದರೆ ಒಂದೇ ನಟ್ಟು ಕೊಡುತ್ತಿದ್ದೆವು. ಈಗ ಪಾಕೀಟು ತೆಗೆದುಕೊಳ್ಳಬೇಕು, ಉಳಿದದ್ದು ಮನೆಯಲ್ಲಿ ತುಕ್ಕು ಹಿಡಿಯುತ್ತದೆ.

ನಾನು ಮದುವೆಯಾಗಿ ಬೆಳಗಾವಿ ಕಡೆಯಿಂದ ಬಂದಾಗ ನಮ್ಮವರು ಅಲ್ಲಿ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಎಂಬತ್ತರ ಆಚೀಚೆ ಇರಬೇಕು. ಅವರು ಸಾಮಾನು ತರಲು ಮಡಗಾಂವಕ್ಕೆ ಹೋದರೆ ಗಲ್ಲೆಯ ಮೇಲೆ ಕೂರುವವರು ಬೇಕು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಗಿರಾಕಿ ಮುಂದಿನ ಅಂಗಡಿಗೆ ಹೋಗಿರುತ್ತಿದ್ದ. ಅದನ್ನು ಕಂಡು ನಮ್ಮವರು ಡಬ್ಬಿಯ ಮೇಲಿನ ಹೆಸರನ್ನೆಲ್ಲ ಮರೆತು ಬಿಡು ಅಂದರು. ಇಡೀ ಅಂಗಡಿಯನ್ನು ಒಂದು ಲಾರಿಯ ಹಾಗೆ ಹೊಂದಿಸಿದರು. ಬಾಗಿಲು ಅಂದರೆ ಬಂಪರ್. ಅಲ್ಲಿ ಹೆಡ್‌ಲೈಟಿನ ಸಾಮಾನು. ಒಳಗೆ ಬಂದಂತೆ ಎಂಜಿನ್ನು, ನಡುವೆ ಗೇರು, ಹಿಂದಿನ ಗೋಡೆಗೆ ಹಿಂದಿನ ಆಕ್ಸಲ್ಲು. ಡ್ರೈವರ್ ಕೂರುವ ಬದಿಯದು ಬಲಕ್ಕೆ, ಕ್ಲೀನರ್ ಬದಿಯದು ಎಡಕ್ಕೆ.

"ಲಾರಿ ಮಗ್ಗಲ ಅಡ್ಡಾಡಿದಂಗ ಅಡ್ಡಾಡು," ಅಂದರು. "ಎಲ್ಲಿ ಕೆಟ್ಟೈತಿ ಅಂತಾರ, ಅಲ್ಲಿ ಕೈ ಹಾಕು. ಓದೂದು ಬ್ಯಾಡ, ಬರಿಯೂದು ಬ್ಯಾಡ."

ಒಂದು ತಿಂಗಳಲ್ಲಿ ಕಣ್ಣು ಮುಚ್ಚಿ ಸಾಮಾನು ತೆಗೆಯುವಂತಾದೆ. ಆದರೆ ಮೊದಲ ವಾರ ಒಂದು ತಪ್ಪು ಮಾಡಿದ್ದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ದೊಡ್ಡ ಜಾಡಿಯಲ್ಲಿ ಬರುತ್ತಿತ್ತು. ನಮ್ಮವರು ಅದನ್ನು ತೊಳೆದ ಫೆಣಿ ಸಾರಾಯಿ ಬಾಟಲಿಗಳಿಗೆ ತುಂಬಿ, ಬೂಚು ಹಾಕಿ, ಹಳೇ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯನ್ನು ಬಾಯಿಗೆ ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಗಿಸುತ್ತಿದ್ದರು. ಇಷ್ಟು ಜತನದಿಂದ ಕಟ್ಟಿಟ್ಟಿದ್ದಾರೆ, ಯಾವುದೋ ಕ್ಷೇತ್ರದ ತೀರ್ಥವೇ ಇರಬೇಕು ಅಂತ ನಾನು ಒಂದು ಬಾಟಲಿ ತೆಗೆದು, ಕುಂಕುಮ ಹಚ್ಚಿ, ಗಲ್ಲೆಯ ಮೇಲಿನ ದೇವರ ಹಲಗೆಯ ಮೇಲೆ ಇಟ್ಟು ಊದುಬತ್ತಿ ಬೆಳಗಿದೆ. ನಮ್ಮವರು ಬಂದು ನೋಡಿದರು. ಅವರು ನಗುವ ಮನುಷ್ಯನಲ್ಲ. ಅವತ್ತು ಗೋಣಿಚೀಲದ ಮೇಲೆ ಕೂತು ನಕ್ಕರು.

"ದೇವರಿಗೆ ಫೆಣಿ ಬಾಟ್ಲಿ ಇಟ್ಟಾಕಿ ನೀನ ಮೊದಲನೇದಾಕಿ," ಅಂದರು. ನಾನು ನಾಚಿ ತೆಗೆಯಲು ಹೋದರೆ ಬಿಡಲಿಲ್ಲ. "ಇರಲಿ ಬಿಡು. ದೇವರ ಬ್ಯಾಟರಿಗೂ ನೀರ ಬೇಕಲ್ಲ."

ಆ ಬಾಟಲಿಯನ್ನು ಅವರು ಇರುವ ತನಕ ಮಾರಲಿಲ್ಲ, ತೆರೆಯಲಿಲ್ಲ. ನಾನೂ ಹಾಗೇ ಇಟ್ಟೆ. ಎಂಟೊಂಬತ್ತು ವರ್ಷ ಸಂಸಾರ ಮಾಡಿ ಅವರು ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಕೊನೆಯ ಮಾತು ಅಂತ ಏನೂ ಆಡಲಿಲ್ಲ. ಮಕ್ಕಳಿರಲಿಲ್ಲ. ಫೋಟೋ ಕೂಡ ಒಂದೇ, ಅದರಲ್ಲಿ ನಾನಿಲ್ಲ. ಅಂಗಡಿಯನ್ನು ಊರೆಲ್ಲ ನೋಡಿತ್ತು. ಆ ಬಾಟಲಿಯ ವಿಷಯ ಮಾತ್ರ ನಮ್ಮಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಅವರಿಂದ ನನಗೊಬ್ಬಳಿಗೇ ಅಂತ ಬಂದದ್ದು ಅದೊಂದೇ ಇತ್ತು. ಅದಕ್ಕೇ ಈ ಸಂಗತಿ ನನ್ನನ್ನು ಇಷ್ಟು ವರ್ಷ ಕುಟುಕುತ್ತಿರುವುದು.

ಅವರು ಹೋದ ಮರುವರ್ಷ ನನ್ನ ಅಂಗಡಿಯ ಎದುರಿಗೇ ಮಾಬುಬಿ ಅಂಗಡಿ ತೆರೆದಳು. ವಿಜಯಪುರ ಕಡೆಯವಳು. ಗಂಡ ಹುಸೇನಸಾಬ ಅದಿರು ಲಾರಿ ಓಡಿಸುತ್ತಿದ್ದ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅಂಗಡಿ ನಡೆಸುವವಳು ಅವಳೇ. ನನಗಿಂತ ಹತ್ತು ವರ್ಷ ಸಣ್ಣವಳು. ಪಾರ್ಟಿನ ಮೇಲೆ ಅಚ್ಚು ಹಾಕಿದ ನಂಬರು ಗಡಗಡ ಓದುತ್ತಿದ್ದಳು, ಕೊಂಕಣಿ ನೀರು ಕುಡಿದ ಹಾಗೆ ಮಾತಾಡುತ್ತಿದ್ದಳು. ಅಂಗಡಿಯಲ್ಲಿ ಫ್ಯಾನ್ ಹಾಕಿಸಿದ್ದಳು, ಡ್ರೈವರುಗಳಿಗೆ ಬೆಂಚು ಹಾಕಿದ್ದಳು. ನಾನು ಹೊಟ್ಟೆಕಿಚ್ಚು ಪಟ್ಟೆ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಎದುರಿಗೆ ಎಷ್ಟು ಲಾರಿ ನಿಂತವು, ನನ್ನ ಕಡೆ ಎಷ್ಟು ನಿಂತವು ಅಂತ ಎಣಿಸುವುದೇ ನನ್ನ ಕೆಲಸವಾಯಿತು. ಗಂಡ ಬದುಕಿದ್ದೂ ಅಂಗಡಿಯೂ ನಡೆಯುವುದು ಅಂದರೆ ಏನು ನ್ಯಾಯ ಅಂತ ಅನ್ನಿಸುತ್ತಿತ್ತು.

ಅವಳು ರಸ್ತೆಯ ಆ ಕಡೆಯಿಂದಲೇ ಕೂಗುತ್ತಿದ್ದಳು. "ಅಕ್ಕಾ, ಚಾ ಕುಡಿಯಾಕ ಬರ್ರಿ."

"ನಮ್ಮನ್ಯಾಗ ಚಾಪುಡಿ ಮುಗದಿಲ್ಲವಾ," ಅನ್ನುತ್ತಿದ್ದೆ.

"ಮುಗದಾಗ ಹೇಳ್ರಿ. ಇಲ್ಲಿಂದನ ಒಗಿತೇನಿ, ಹಿಡೀರಿ."

ಬೆಂಚಿನ ಮೇಲಿನ ಡ್ರೈವರುಗಳು ನಗುತ್ತಿದ್ದರು. ಅವರಲ್ಲಿ ಬಸ್ತ್ಯಾಂವ ಅಂತ ಒಬ್ಬ ಗೋವೆಯವನು. ನಮ್ಮವರ ಕಾಲದಿಂದ ನಮ್ಮ ಗಿರಾಕಿ, ನಮ್ಮ ಜನರ ಸಂಗಡ ಬೆರೆತು ಮುರುಕು ಕನ್ನಡ ಕಲಿತಿದ್ದ, ನನ್ನನ್ನು ಅವರ ಕಡೆಯ ರೀತಿ ಬಾಯಿ ಅಂತ ಕರೆಯುತ್ತಿದ್ದ. ಒಂದು ದಿನ ಅವನೂ ಮಾಬುಬಿಯ ಅಂಗಡಿಯಿಂದ ಸ್ಪ್ರಿಂಗ್ ಪಟ್ಟಿ ಹೊತ್ತು ಇಳಿದ. ನಾನು ಸುಮ್ಮನಿರಲಿಲ್ಲ.

"ಯಾಕೋ ಬಸ್ತ್ಯಾಂವ, ನನ್ನ ಬಾಗಲಾ ಕಾಣಲಿಲ್ಲೇನ?"

"ಕಾಣ್ತು ಬಾಯಿ," ಅಂದ. "ನೀ ಬೈತಿ. ಅದು ನಗ್ತದೆ."

ಅವತ್ತೇ ನಿಶ್ಚಯ ಮಾಡಿದೆ, ಸತ್ತರೂ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಅಂತ. ನಾಲ್ಕು ವರ್ಷ ಹತ್ತಲಿಲ್ಲ. ಒಳಗೆ ಏನು ಎಲ್ಲಿದೆ ಅಂತ ಹೊರಗಿನಿಂದ ಇಣುಕಿಯೂ ನೋಡಲಿಲ್ಲ. ಅವಳೂ ನನ್ನ ಅಂಗಡಿಯೊಳಗೆ ಕಾಲಿಟ್ಟವಳಲ್ಲ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂತ ಮುಂದೆ ತಿಳಿಯುತ್ತದೆ.

ಗೋವಾದಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದು. ಊರೆಲ್ಲ ಮಲಗುತ್ತದೆ. ನಾನು ಮಾತ್ರ ಮುಚ್ಚುತ್ತಿರಲಿಲ್ಲ. ಆ ಮೂರು ತಾಸಾದರೂ ಗಿರಾಕಿ ನನ್ನ ಕಡೆ ಬರಲಿ ಅನ್ನುವ ಆಸೆ. ಈ ಸಂಗತಿ ನಡೆದ ದಿನ ಬೇಸಿಗೆ. ಬೆಳಗಿನಿಂದ ಕರೆಂಟ್ ಇರಲಿಲ್ಲ. ನಾನು ಬಾಗಿಲ ಹೊಸ್ತಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದೆ. ಮಾಬುಬಿ ತನ್ನ ಶಟರ್ ಅರ್ಧ ಇಳಿಸಿ ಒಳಗೆ ಏನೋ ಕೆಲಸ ಮಾಡುತ್ತಿದ್ದಳು. ಸಪ್ಪಳ ಕೇಳುತ್ತಿತ್ತು. ಇವಳಿಗೂ ನಿದ್ದೆಯಿಲ್ಲವಲ್ಲ ಅಂತ ನನಗೆ ಸಿಟ್ಟು.

ಆಗ ಅವಳು ಕೂಗಿದಳು.

ಬರೆಯಬೇಕಾದ್ದನ್ನು ಬರೆಯುತ್ತೇನೆ. ಮೊದಲ ಕೂಗಿಗೆ ನಾನು ಏಳಲಿಲ್ಲ. ಹೆಗ್ಗಣ ಕಂಡಿರಬೇಕು, ಕೂಗಲಿ ಅಂದುಕೊಂಡೆ. ಎರಡನೆಯ ಕೂಗಿಗೂ ಏಳಲಿಲ್ಲ. ಆಗ ಏನೂ ಅಂದುಕೊಳ್ಳಲಿಲ್ಲ, ಸುಮ್ಮನೆ ಕೂತಿದ್ದೆ. ಮೂರನೆಯದು ಕೂಗಾಗಿರಲಿಲ್ಲ, ಕರು ಒದರಿದ ಹಾಗಿತ್ತು. ಆಮೇಲೆ ಎದ್ದು ಓಡಿದೆ. ಬಸ್ತ್ಯಾಂವನ ಖಾಲಿ ಲಾರಿ ಬರುತ್ತಿತ್ತು. ಎರಡೂ ಕೈ ಎತ್ತಿ ನಿಲ್ಲಿಸಿ, ಅದರ ಮುಂದೆಯೇ ದಾಟಿ, ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ.

ಬಿಸಿಲಿನಿಂದ ಹೋದವಳಿಗೆ ಒಳಗೆ ಮೊದಲು ಏನೂ ಸರಿಯಾಗಿ ಕಾಣಲಿಲ್ಲ. ಹುಳಿ ವಾಸನೆ ಮೂಗಿಗೆ ಹೊಡೆಯಿತು. ಹೊಸ ಬ್ಯಾಟರಿಗೆ ಒಬ್ಬಳೇ ಆಸಿಡ್ ತುಂಬಲು ಹೋಗಿ ಕ್ಯಾನ್ ಜಾರಿ ಮುಖಕ್ಕೆ ಚಿಮ್ಮಿಸಿಕೊಂಡಿದ್ದಳು. ನೆಲದ ಮೇಲೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಹೊರಳುತ್ತಿದ್ದಳು.

"ನೀರ," ಅಂದಳು. "ಯಾರ ಅದೀರಿ, ಕಣ್ಣಿಗಿ ನೀರ ಹಾಕ್ರಿ."

ಕೊಡಕ್ಕೆ ಕಾಲು ತಗುಲಿತು, ಅದು ಖಾಲಿ ಉರುಳಿತು. ಆ ಹೊತ್ತಿಗೆ ನಳದಲ್ಲೂ ನೀರು ಬರುವುದಿಲ್ಲ. ನನ್ನ ಅಂಗಡಿಗೆ ವಾಪಸು ಓಡೋಣ ಅಂತ ತಿರುಗಿದೆ. ತಿರುಗುವಾಗ ನನ್ನ ಬಲಗೈ ಮೇಲೆ ಹೋಯಿತು. ನಾನು ಎತ್ತಿದೆ ಅಂತ ಹೇಳಲು ಬಾಯಿ ಬರುವುದಿಲ್ಲ. ಹೋಯಿತು, ಅಷ್ಟೆ. ಗಲ್ಲೆಯ ಮೇಲೆ, ಮೂಲೆಯಲ್ಲಿ, ನನ್ನ ಅಂಗಡಿಯಲ್ಲಿ ದೇವರ ಹಲಗೆ ಇರುವ ಎತ್ತರಕ್ಕೇ. ಅಲ್ಲಿ ಒಂದು ಹಲಗೆ ಇತ್ತು. ಹಲಗೆಯ ಮೇಲೆ ಒಂದು ಬಾಟಲಿ.

ಲಾರಿ ಸಾಮಾನಿನ ಅಂಗಡಿಯಲ್ಲಿ ಕತ್ತಲೆಯಲ್ಲಿ ಸಿಕ್ಕ ಬಾಟಲಿಯನ್ನು ಯಾರೂ ಕಣ್ಣಿಗೆ ಸುರಿಯುವುದಿಲ್ಲ. ಸೀಮೆಎಣ್ಣೆ ಇರಬಹುದು, ಬ್ರೇಕ್ ಆಯಿಲ್ ಇರಬಹುದು, ಆಸಿಡ್ಡೇ ಇರಬಹುದು. ಆದರೆ ಬೆರಳು ಅದರ ಬಾಯಿಗೆ ಹೋದಾಗ ರಬ್ಬರ್ ಪಟ್ಟಿ ಸಿಕ್ಕಿತು. ಎರಡು ಸುತ್ತು, ತುದಿ ಒಳಗೆ ಸಿಗಿಸಿದ್ದು. ಇದು ನೀರೇ ಅಂತ ಗೊತ್ತಾಯಿತು. ಹಲ್ಲಿನಿಂದ ಕಿತ್ತು, ಅವಳ ಹತ್ತಿರ ಕೂತು, ಒಂದು ಕೈಯಿಂದ ಅವಳ ಎರಡೂ ಕೈ ಎಳೆದು ಹಿಡಿದು, ಇನ್ನೊಂದು ಕೈಯಿಂದ ಸುರಿದೆ. ಅಷ್ಟು ಹೊರಳುತ್ತಿದ್ದವಳು ನೀರು ಬಿದ್ದ ಕೂಡಲೇ ತಲೆ ಅಲುಗಿಸದೆ ಮಲಗಿದಳು. ಆಗ ಅದು ನನಗೆ ವಿಶೇಷ ಅನ್ನಿಸಲಿಲ್ಲ.

ಬಸ್ತ್ಯಾಂವ ಶಟರ್ ಎತ್ತಿದ. ಬೆಳಕು ಬಂತು. ಬಾಗಿಲ ಬದಿಯಲ್ಲೇ, ನನ್ನ ಕಾಲಿನ ಹತ್ತಿರ, ಡಿಸ್ಟಿಲ್ಡ್ ನೀರಿನ ಹೊಸ ಪ್ಲಾಸ್ಟಿಕ್ ಕ್ಯಾನುಗಳು ಸಾಲಾಗಿ ನಿಂತಿದ್ದವು. ಎಲ್ಲ ಅಂಗಡಿಯಲ್ಲೂ ಇರಬೇಕಾದ ಜಾಗದಲ್ಲೇ ಇದ್ದವು. ನನ್ನ ಕೈಯಲ್ಲಿದ್ದದ್ದು ಫೆಣಿ ಬಾಟಲಿ. ಅದರ ಹೊಟ್ಟೆಯ ಮೇಲೆ ಕುಂಕುಮದ ಕಲೆ.

ಬಸ್ತ್ಯಾಂವನೂ ನಾನೂ ಒಂದು ಕ್ಯಾನ್ ಪೂರ್ತಿ ಅವಳ ಕಣ್ಣಿಗೆ ಸುರಿದೆವು. ಅವನು ಅವಳನ್ನು ಲಾರಿಯಲ್ಲೇ ಆಸ್ಪತ್ರೆಗೆ ಒಯ್ದ. ಹುಸೇನಸಾಬನಿಗೆ ಹೇಳಿ ಕಳಿಸಿದೆವು. ನಾನು ಬಾಟಲಿಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿ ಬಂದು ನನ್ನ ದೇವರ ಹಲಗೆ ನೋಡಿದೆ. ದೇವರ ಫೋಟೋ ಇತ್ತು, ದೀಪ ಇತ್ತು. ಬಾಟಲಿ ಇರಲಿಲ್ಲ. ಎಣ್ಣೆ ಜಿಡ್ಡಿನಲ್ಲಿ ಅದರ ತಳದ ದುಂಡನೆಯ ಗುರುತು ಮಾತ್ರ ಇತ್ತು. ಬೆಳಿಗ್ಗೆ ದೀಪ ಹಚ್ಚುವಾಗ ಅದು ಅಲ್ಲೇ ಇದ್ದದ್ದು ಚೆನ್ನಾಗಿ ನೆನಪಿದೆ. ಬತ್ತಿ ಹೊಸೆಯುವಾಗ ದಿನಾ ಅದನ್ನು ಒಂದು ಬೆರಳಷ್ಟು ಆಚೆ ಸರಿಸುವುದು ನನ್ನ ರೂಢಿ.

ಗಾಬರಿಯಲ್ಲಿ ನಾನೇ ಒಯ್ದಿರಬೇಕು ಅಂತ ಮನಸ್ಸಿಗೆ ಹೇಳಿಕೊಂಡೆ. ಬೇರೆ ಯಾವುದೂ ತಲೆಗೆ ಹೊಂದಲಿಲ್ಲ. ಸಂಜೆ ಬಸ್ತ್ಯಾಂವ ಸುದ್ದಿ ಹೇಳಲು ಬಂದಾಗ ಕೇಳಿದೆ, ನಾನು ನಿನ್ನ ಲಾರಿ ನಿಲ್ಲಿಸಿದಾಗ ಕೈಯಲ್ಲಿ ಏನಿತ್ತು ಅಂತ.

"ಏನೂ ಇರ್ಲಿಲ್ಲ ಬಾಯಿ. ಎರಡೂ ಕೈ ಹಿಂಗೆ ಮಾಡಿದಿ," ಅಂದು ಪೊಲೀಸಿನವರ ಹಾಗೆ ಅಂಗೈ ತೋರಿಸಿದ.

"ಸರಿ ನೋಡೀದ್ಯೋ ಇಲ್ಲೋ? ಒಂದು ಬಾಟ್ಲಿ ಇತ್ತೇನ?"

"ಬಾಟ್ಲಿ ಇದ್ರೆ ನಂಗೆ ಕಾಣ್ತಿರ್ಲಿಲ್ಲಾ?" ಅಂದ. "ಬಾಟ್ಲಿ ನಂಗೆ ಭಾಳ ಬೇಗ ಕಾಣ್ತದೆ."

ಅವನು ಮಧ್ಯಾಹ್ನವೂ ಕುಡಿಯುವವನು. ಅವನ ಮಾತನ್ನು ಎಷ್ಟು ಹಿಡಿಯಬೇಕೋ ಗೊತ್ತಾಗಲಿಲ್ಲ.

ಎಂಟು ಹತ್ತು ದಿನದ ಮೇಲೆ ಮಾಬುಬಿ ನನ್ನ ಅಂಗಡಿಗೆ ಬಂದಳು. ಕಣ್ಣು ಉಳಿದಿದ್ದವು. ಕೆಂಪಗಿದ್ದವು, ಎಡಗಣ್ಣು ಸ್ವಲ್ಪ ಮಂಜು ಅಂದಳು. ನೀರು ಹಾಕುವುದು ಇನ್ನಷ್ಟು ತಡವಾಗಿದ್ದರೆ ಎರಡೂ ಹೋಗುತ್ತಿದ್ದವು ಅಂತ ಡಾಕ್ಟರು ಹೇಳಿದ್ದರಂತೆ. ಕೈಯಲ್ಲಿ ನನ್ನ ಬಾಟಲಿ ಹಿಡಿದಿದ್ದಳು. ತಿಕ್ಕಿ ತೊಳೆದು, ಒಳಗೆ ಕೋಕಂ ಶರಬತ್ತು ತುಂಬಿಸಿ ತಂದಿದ್ದಳು.

"ನಿಮ್ಮ ಬಾಟ್ಲಿ ಅಕ್ಕಾ. ನಿಮ್ಮ ಅಂಗಡಿಯಿಂದ ನೀರ ತಂದು ನನ್ನ ಕಣ್ಣ ಉಳಸಿದ್ರಿ ಅಂತ ಊರಿಗೆಲ್ಲ ಹೇಳೇನಿ."

ಕುಂಕುಮ ಹೋಗಿತ್ತು. ರಬ್ಬರ್ ಪಟ್ಟಿಯೂ ಇರಲಿಲ್ಲ.

"ನಾ ತಂದಿಲ್ಲ," ಅಂದೆ. "ನಿನ್ನ ಹಲಗಿ ಮ್ಯಾಲೆ ಇತ್ತು."

"ನನ್ನ ಹಲಗಿ ಮ್ಯಾಲೆ ಅಲ್ಲಾನ ಹೆಸರ ಬಿಟ್ಟು ಏನೂ ಇಡೂದಿಲ್ರಿ ನಾ. ಮತ್ತ ಫೆಣಿ ಬಾಟ್ಲಿ ಇಡ್ತೇನಿ ಏನ್ರಿ?" ಅಂದು ನಕ್ಕಳು. ಆಮೇಲೆ ನಗು ಬಿಟ್ಟು ಕೇಳಿದಳು. "ಅಕ್ಕಾ, ನಿಮ್ಮ ಸಂಗಾಟ ಇದ್ದವರು ಯಾರ್ರಿ?"

"ಯಾರೂ ಇದ್ದಿಲ್ಲ. ಬಸ್ತ್ಯಾಂವ ಕಡೀಕ ಬಂದ."

"ಅಂವಾ ಅಲ್ರಿ. ಅಂವಾ ಬರೂಕಿಂತ ಮೊದ್ಲ. ನೀವು ನೀರ ಹಾಕಾಕತ್ತಿದ್ರಿ, ಒಬ್ರು ನನ್ನ ತಲಿ ಹಿಡಕೊಂಡ ಕುಂತಿದ್ರು. ಗಂಡಸರ ಕೈ. ಗ್ರೀಸ್ ವಾಸನಿ ಇತ್ತು. ನನಗ ಭಾಳ ಅಂಜಿಕಿ ಆಗಿತ್ರಿ, ಅವರು ಹಿಡದ ಮ್ಯಾಲೆ ಅಂಜಿಕಿ ಹೋತು."

"ನೋವಿನಾಗ ಏನೇನರ ಅನಸ್ತೈತಿ."

"ಇಲ್ರಿ. ಹೆಬ್ಬಟ್ಟಲೆ ಹಿಂಗ ಸವರಿದ್ರು."

ಅಂದವಳು ಮುಂದೆ ಬಾಗಿ, ನಾನು ಬೇಡ ಅನ್ನುವ ಮೊದಲೇ, ತನ್ನ ಹೆಬ್ಬೆರಳನ್ನು ನನ್ನ ಹಣೆಗೆ ಒತ್ತಿ ಅಡ್ಡಕ್ಕೆ ನಿಧಾನ ಎಳೆದಳು. ಎಳೆದು, ತುದಿಯಲ್ಲಿ ತುಸು ತಡೆದು, ಮತ್ತೆ ಹಿಂದಕ್ಕೆ ತಂದಳು.

ನಮ್ಮವರು ಬೇರಿಂಗ್ ನೋಡುವುದು ಹಾಗೆ. ಹಳೇ ಬೇರಿಂಗ್ ಮತ್ತೆ ನಡೆಯುತ್ತದೋ ಇಲ್ಲವೋ, ಒಳಗೆ ಕಚ್ಚು ಬಿದ್ದಿದೆಯೋ ಅಂತ ನೋಡಲು ಹೆಬ್ಬೆರಳನ್ನು ಒತ್ತಿ ಹೀಗೇ ಎಳೆದು, ತಡೆದು, ವಾಪಸು ತರುತ್ತಿದ್ದರು. ಕಣ್ಣಿಗಿಂತ ಬೆರಳನ್ನು ನಂಬುತ್ತಿದ್ದರು. ಅಂಗಡಿಯಲ್ಲಿ ದಿನಾ ನೋಡಿದ್ದೇನೆ. ಬೇರಿಂಗಿಗೆ ಹಾಗೆ ಮಾಡುತ್ತಿದ್ದರು, ನನಗಲ್ಲ. ನನಗೆ ಜ್ವರ ಬಂದು ಮಲಗಿದಾಗಲೂ ಬಾಗಿಲಲ್ಲಿ ನಿಂತು ಗುಳಿಗೆ ತಗೊಂಡೆಯಾ ಅಂತ ಕೇಳಿ ಅಂಗಡಿಗೆ ಹೋಗುತ್ತಿದ್ದರು. ಆ ಸವರುವಿಕೆ ನನ್ನ ಹಣೆಗೆ ಬಂದದ್ದು ಅದೇ ಮೊದಲು, ಅದೂ ಮಾಬುಬಿಯ ಬೆರಳಿನಿಂದ.

ಶರಬತ್ತು ಬೇರೆ ಪಾತ್ರೆಗೆ ಸುರಿದೆ, ಕುಡಿಯಲು ಮನಸ್ಸಾಗಲಿಲ್ಲ. ಅವಳು ಅಂಗಡಿ ತೆರೆಯುವ ಮೊದಲೇ ನಮ್ಮವರಿಗೂ ಅವಳಿಗೂ ಪರಿಚಯ ಇತ್ತೇನೋ ಅಂತ ಕೂಡ ಹುಡುಕಿ ನೋಡಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಅವಳ ಊರಿನವರನ್ನು ಕೇಳಿದೆ. ಆ ಗಂಡ ಹೆಂಡತಿ ಗೋವಾಕ್ಕೆ ಬಂದದ್ದೇ ನಮ್ಮವರು ತೀರಿದ ಮೇಲೆ ಅಂತ ಎಲ್ಲರೂ ಒಂದೇ ಹೇಳಿದರು. ಪರಿಚಯ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಬಯ್ಯಲು ಒಂದು ಕಾರಣವಾದರೂ ಸಿಗುತ್ತಿತ್ತು.

ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ರಸ್ತೆ ಅಗಲ ಮಾಡಲು ನಮ್ಮ ಸಾಲನ್ನು ಕೆಡವಿದರು. ಹೊಸ ಲಾರಿಗಳು ಬಂದವು, ಅವುಗಳ ರೋಗಕ್ಕೆ ಕಂಪನಿಯವರದೇ ಶೋರೂಮ್. ಮಾಬುಬಿ ಗಂಡನ ಸಂಗಡ ವಾಸ್ಕೋದ ಮಂಗೋರ್ ಹಿಲ್ಲಿಗೆ ಹೋದಳು ಅಂತ ಕೇಳಿದೆ. ಹೋಗುವ ದಿನ ಹೇಳಿ ಹೋಗಲು ಬಂದಿದ್ದಳು. ನಾನು ಒಳಗಿದ್ದೂ ಬಾಗಿಲು ತೆರೆಯಲಿಲ್ಲ. ಬಸ್ತ್ಯಾಂವ ಸತ್ತ.

ಅವತ್ತು ನಡೆದದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಾನೇ ಬಾಟಲಿ ಒಯ್ದು ಮರೆತಿರಬಹುದು. ಬಸ್ತ್ಯಾಂವ ಕುಡಿದಿರಬಹುದು. ಮಾಬುಬಿಗೆ ನೋವಿನಲ್ಲಿ ಹಾಗೆ ಅನ್ನಿಸಿರಬಹುದು. ಮೂವರೂ ಒಂದೇ ಮಧ್ಯಾಹ್ನ ತಪ್ಪಿದೆವು ಅಂದರೆ ಒಪ್ಪುತ್ತೇನೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮವರೇ ಬಂದಿದ್ದರು ಅನ್ನುವುದಾದರೆ ಲೆಕ್ಕ ಬೇರೆಯಾಗುತ್ತದೆ. ನಾನು ಕೂಗು ಕೇಳಿಯೂ ಕೂತಿದ್ದೆನಲ್ಲ, ಆ ಹೊತ್ತಿನಲ್ಲೇ ಅವರು ಹಲಗೆಯಿಂದ ಬಾಟಲಿ ತೆಗೆದಿರಬೇಕು. ನನ್ನ ಅಂಗಡಿಗೆ ಬಾಗಿಲು ಇದ್ದದ್ದು ಒಂದೇ. ಅದಕ್ಕೆ ಅಡ್ಡ ಸ್ಟೂಲ್ ಹಾಕಿಕೊಂಡು ಕೂತವಳು ನಾನು. ನನ್ನನ್ನು ದಾಟಿಕೊಂಡೇ ಹೋಗಿರಬೇಕು. ದಾಟುವಾಗ ಏಳು ಅಂತ ಒಂದು ಮಾತು ಬೈದಿದ್ದರೂ ಸಾಕಿತ್ತು.